ಇನ್ನೊಂದು ಮೈಕು ಬರಲಿ

ನಾನು ಒಂದು ತಂಬೂರಿ. ಅದಕ್ಕೂ ಮೊದಲು ಒಂದು ಕಹಿ ಸೋರೆಕಾಯಿಯಾಗಿದ್ದೆ. ಪಂಢರಪುರದ ಹತ್ತಿರ ಭೀಮಾ ನದಿಯ ದಂಡೆಯ ಹೊಲದಲ್ಲಿ ಬೆಳೆದೆ. ನಮ್ಮ ಜಾತಿಯ ಕಾಯನ್ನು ಮನುಷ್ಯರು ತಿನ್ನುವುದಿಲ್ಲ. ದನಗಳು ಸಹ ಮೂಸಿ ನೋಡಿ ಮುಂದೆ ಹೋಗುತ್ತವೆ. ಆದ್ದರಿಂದಲೇ ನಮಗೆ ಬಳ್ಳಿಯ ಮೇಲೆಯೇ ಬಲಿತು ಒಣಗುವ ಭಾಗ್ಯ. ಒಣಗಿದ ಮೇಲೆ ಮಿರಜದಿಂದ ಹುಸೇನಸಾಬ ಎಂಬ ತಂಬೂರಿ ಮಾಡುವವನು ಬಂದು, ಬೆರಳಿನ ಗೆಣ್ಣಿನಿಂದ ಒಂದೊಂದೇ ಕಾಯಿಯನ್ನು ಬಾರಿಸಿ ನೋಡಿದ. ಅವನ ಕಿವಿಗೆ ಹಿಡಿಸದ ಕಾಯಿಗಳು ಹೊಲದವನ ಒಲೆಗೆ ಹೋದವು. ನನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದ.

ಮಿರಜದಲ್ಲಿ ನನ್ನನ್ನು ನೀರಿನಲ್ಲಿ ನೆನೆಹಾಕಿ, ಬಾಯಿ ಕೊಯ್ದು, ಒಳಗಿನ ತಿರುಳನ್ನೂ ಬೀಜವನ್ನೂ ಕೆರೆದು ಹೊರಗೆ ಹಾಕಿದರು. ಬೀಜಗಳು ಅಂಗಳದಲ್ಲಿ ಬಿದ್ದವು. ಕೋಳಿಗಳು ಬಂದು, ಕುಕ್ಕಿ ನೋಡಿ, ಬಿಟ್ಟು ಹೋದವು. ಬರಿದಾದ ನನ್ನ ಹೊಟ್ಟೆಗೆ ಮರದ ಹಲಗೆ ಮುಚ್ಚಿ, ಮರದ ಉದ್ದ ದಂಡಿ ಜೋಡಿಸಿ, ಒಂಟೆಯ ಎಲುಬನ್ನು ಅರದಿಂದ ಉಜ್ಜಿ, ತಂತಿಗಳನ್ನು ಹೊರುವ ಕುದುರೆ ಮಾಡಿ ಅಂಟಿಸಿದರು. ಸತ್ತ ಕಾಯಿ, ಸತ್ತ ಮರ, ಸತ್ತ ಒಂಟೆ ಸೇರಿ ನಾನಾದೆ. ನಾಲ್ಕು ತಂತಿ ಬಿಗಿದು, ತಂತಿಗೂ ಕುದುರೆಗೂ ನಡುವೆ ಒಂದೊಂದು ಹತ್ತಿಯ ಎಳೆ ಸಿಕ್ಕಿಸಿದಾಗ ನನ್ನಿಂದ ಮೊದಲ ಸಲ ನಾದ ಹೊರಟಿತು. ಹುಸೇನಸಾಬ ಕಣ್ಣು ಮುಚ್ಚಿಕೊಂಡು ಕೇಳಿ, "ಹಾಂ, ಹೋಗು" ಎಂದ. ಅವನು ನನ್ನನ್ನು ಹೊಗಳಿದ್ದು ಅಷ್ಟೇ.

ನನ್ನನ್ನು ಕೊಂಡವಳು ಜಮಖಂಡಿಯ ತುಂಗಾಬಾಯಿ. ಹಾಡಿಕೆಯಲ್ಲಿ ದೊಡ್ಡ ಹೆಸರು, ಮಾತಿನಲ್ಲಿ ಬಲು ಒರಟು. ವಯಸ್ಸಾಗಿತ್ತು, ಹಲ್ಲು ಬಿದ್ದಿದ್ದವು. ಅವಳ ಹತ್ತಿರ ಕಲಿಯಲು ಬಂದವರಲ್ಲಿ ಹೆಚ್ಚಿನವರು ಅಳುತ್ತ ಹೊರಟು ಹೋಗುತ್ತಿದ್ದರು. ಹಾಗೆ ಹೋಗದೆ ಉಳಿದವಳು ಕಮಲಾಕ್ಷಿ. ಬನಹಟ್ಟಿಯ ನೇಕಾರರ ಮಗಳು, ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಬಂದ ಮೊದಲ ವರ್ಷವಿಡೀ ತುಂಗಾಬಾಯಿ ಅವಳಿಗೆ ಷಡ್ಜವೊಂದನ್ನು ಬಿಟ್ಟು ಬೇರೇನೂ ಹಾಡಗೊಡಲಿಲ್ಲ. ಹುಡುಗಿ ನನ್ನನ್ನು ಮಡಿಲಿಗೆ ಆನಿಸಿಕೊಂಡು ಮೀಟುತ್ತ "ಸಾ" ಎನ್ನುವುದು, ಮುದುಕಿ ಎಲೆಯಡಿಕೆ ಜಗಿಯುತ್ತ "ಅಲ್ಲ" ಎನ್ನುವುದು. ಇಷ್ಟೇ ಪಾಠ.

ಮಗಳ ಕಷ್ಟ ನೋಡಲಾರದೆ ಅವಳ ಅಪ್ಪ ಒಮ್ಮೆ ಹೊಸ ಹಾರ್ಮೋನಿಯಂ ಹೊತ್ತುಕೊಂಡು ಬಂದ. ತುಂಗಾಬಾಯಿ ಅದನ್ನು ಹೊಸ್ತಿಲು ದಾಟಗೊಡಲಿಲ್ಲ.

"ಯಾಕ ತಂದೀಯಪಾ ಇದನ್ನ?"

"ಹುಡುಗಿಗೆ ಸ್ವರ ಹಿಡಿಲಿಕ್ಕೆ ಅನುಕೂಲ ಆಕ್ಕೈತೇನೋ ಅಂತ, ಬಾಯಾರ."

"ಹೊಸಾ ಪೇಟಿ ತಂದ್ರ ಗಂಟಲಾನೂ ಹೊಸಾದ ಬರ್ತೈತೇನು? ಇದ್ದ ಗಂಟಲಾ ಇನ್ನೂ ಹಾಡಿಲ್ಲ. ಒಯ್ಯಿ."

ಅವನು ತೂಕದ ಪೇಟಿಯನ್ನು ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ವಾಪಸು ನಡೆದ. ಕಮಲಾಕ್ಷಿ ನನ್ನ ಹಿಂದೆ ಮುಖ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ತುಂಗಾಬಾಯಿ "ಈಗ ಹಾಡು" ಎಂದಳು. ಅತ್ತು ದಣಿದ ಗಂಟಲಿನಿಂದ ಹುಡುಗಿ ಹಾಡಿದ ಆ ಷಡ್ಜ ನನ್ನ ತಂತಿಯೊಳಗೆ ಬಂದು ಕೂತುಕೊಂಡಿತು. ಎಲ್ಲಿ ನಾನು ಮುಗಿದೆ, ಎಲ್ಲಿ ಅವಳು ಶುರುವಾದಳು ಎಂದು ನನಗೇ ತಿಳಿಯಲಿಲ್ಲ. ಮುದುಕಿ ಎಲೆಯಡಿಕೆ ಉಗುಳಿ ಬಂದು, ಅಂದಿನಿಂದ ರಾಗ ಹೇಳಿಕೊಡತೊಡಗಿದಳು.

ತುಂಗಾಬಾಯಿ ಸಾಯುವಾಗ ನನ್ನನ್ನು ಕಮಲಾಕ್ಷಿಗೆ ಕೊಟ್ಟಳು. ಕೊಡುವಾಗಲೂ ಒಳ್ಳೆಯ ಮಾತೊಂದನ್ನು ಆಡಲಿಲ್ಲ. "ಬಿಸಲಾಗ ಇಡಬ್ಯಾಡ, ಒಡೀತೈತಿ" ಎಂದಳು.

ಕಮಲಾಕ್ಷಿಯನ್ನು ನೋಡಲು ಬಂದ ವರ ರಾಚಪ್ಪ. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬಿನ ರಸ ಎಷ್ಟು ಶುದ್ಧ, ಸಕ್ಕರೆ ಎಷ್ಟು ಬಿಳುಪು ಎಂದು ದಿನವಿಡೀ ಗಾಜಿನ ಕೊಳವೆಗಳಲ್ಲಿ ಹಾಕಿ ನೋಡುವುದು ಅವನ ಕೆಲಸ. ನೋಡಲು ಬಂದ ದಿನ ಹಿರಿಯರು "ಒಂದು ಹಾಡು ಹೇಳವಾ" ಎಂದರು. ಕಮಲಾಕ್ಷಿ ಹಾಡಿದಳು. ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ರಾಚಪ್ಪ ಅತ್ತುಬಿಟ್ಟ. ಗಂಡಸರು ಮುಖ ಮುಖ ನೋಡಿಕೊಂಡರು. ಅವನಿಗೆ ನಾಚಿಕೆಯಾಗಲಿಲ್ಲ. ಒಳ್ಳೆಯ ಕಿವಿ ಅವನದು. ಅಂಥ ಕಿವಿ ಇದ್ದವನ ಮನೆಗೆ ಹೋಗುತ್ತಿದ್ದೇನೆಂದು ಅವಳಿಗಾದಷ್ಟೇ ಸಂತೋಷ ನನಗೂ ಆಯಿತು.

ಕಾರ್ಖಾನೆಯ ಕಾಲನಿಯಲ್ಲಿ ನಮ್ಮ ಮನೆ. ಗಾಳಿಯಲ್ಲಿ ಯಾವಾಗಲೂ ಕಾಕಂಬಿಯ ವಾಸನೆ. ಬೆಳಗಿನ ಹೊತ್ತು ಅವಳು ಹಾಡುವಾಗ ರಾಚಪ್ಪ ಬಾಗಿಲಿಗೆ ಒರಗಿ ಕೂರುತ್ತಿದ್ದ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಏಳುತ್ತಿರಲಿಲ್ಲ. ಒಂದು ದಿನ ಹೇಳಿದ:

"ಕಮಲಾ, ಹಾಡಿದ್ದೆಲ್ಲ ಗಾಳಿಯಾಗ ಹೋಗಾಕತ್ತೈತಿ. ಇದನ್ನ ಹಿಡದಿಡಬೇಕು."

"ನಾಳೆ ಮತ್ತ ಹಾಡ್ತೀನಲ್ಲರಿ."

"ಆದ್ರೂ."

ಬೆಳಗಾವಿಗೆ ಹೋಗಿ ಒಂದು ಟೇಪ್ ರೆಕಾರ್ಡರ್ ತಂದ. ಅದೇ ಮೊದಲನೆಯದು. ಅವಳು ಒಂದು ಭಜನೆ ಹಾಡಿದಳು, ಅವನು ಹಿಡಿದ, ಇಬ್ಬರೂ ಕೇಳಿದರು. ಅವಳಿಗೆ ತನ್ನದೇ ದನಿ ಕೇಳಿ ನಗು ಬಂತು. ಅವನು ನಗಲಿಲ್ಲ. "ಇದು ನಿನ್ನ ದನಿ ಅಲ್ಲ. ಡಬ್ಬಿಯಾಗ ಕುಂತು ಹಾಡಿದಂಗ ಐತಿ" ಎಂದು ಅದನ್ನು ಅಳಿಸಿದ. ಯಂತ್ರದ ಹೊಟ್ಟೆಯಲ್ಲೇ ಇರುವ ಸಣ್ಣ ಮೈಕಿನಿಂದ ಹೀಗಾಗಿದೆ, ಬೇರೆ ಮೈಕು ಬೇಕು ಎಂದು ಅವನಿಗೆ ಯಾರೋ ಹೇಳಿದರು. ಮೈಕು ಬಂತು. ಮೈಕಿಗೆ ತಕ್ಕ ಟೇಪು ಇಲ್ಲವೆಂದು ದೊಡ್ಡ ಟೇಪು ಬಂತು. ಆಮೇಲೆ ಹೆಡ್‌ಫೋನು, ಮಿಕ್ಸರು, ಸ್ಪೀಕರು. ಬೆಳಗಾವಿಯ ಅಂಗಡಿಯ ಪಿಂಟೊ ಅವನಿಗೆ ಸಂಬಂಧಿಕನಂತಾದ. ಆ ದಂಪತಿಗೆ ಮಕ್ಕಳಾಗಲಿಲ್ಲ. ಮಗುವಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹಿಂದಿನ ಕೋಣೆ ತುಂಬ ಯಂತ್ರಗಳು ಕೂತವು.

ಪ್ರತಿ ಹೊಸ ವಸ್ತು ಬಂದಾಗಲೂ ನಡೆಯುವುದು ಒಂದೇ. ಅವನು ಪೆಟ್ಟಿಗೆ ಒಡೆದು, ವಾಸನೆ ನೋಡಿ, ಬಟ್ಟೆಯಿಂದ ಒರೆಸಿ ಜೋಡಿಸುತ್ತಿದ್ದ. ಕೈಯಲ್ಲಿನ ಹಿಟ್ಟು ತೊಳೆದುಕೊಂಡು ಬಂದು ಅವಳು ಮೈಕಿನ ಮುಂದೆ ಕೂತು, ಅವನು ಹೇಳಿದ ಹಾಗೆ ಏನಾದರೂ ಮಾತನಾಡುತ್ತಿದ್ದಳು. ಅವನು ಗುಂಡಿ ತಿರುಗಿಸುತ್ತಿದ್ದ. "ಇನ್ನೊಂದೀಟು ಹತ್ರ ಬಾ. ಬ್ಯಾಡ, ಹಿಂದ ಸರಿ." ನನ್ನನ್ನು ಶ್ರುತಿ ಮಾಡಿ ಇಟ್ಟಿರುತ್ತಿದ್ದರು. ಕೊನೆಗೆ ಅವನು ಹೆಡ್‌ಫೋನು ತೆಗೆದು, "ಇವತ್ತ ಬ್ಯಾಡ. ಇನ್ನೊಂದು ಸಾಮಾನು ಬರಲಿ" ಎನ್ನುತ್ತಿದ್ದ. ಅವಳು ನನ್ನ ತಂತಿ ಸಡಿಲಿಸಿ ಎದ್ದು ಹೋಗುತ್ತಿದ್ದಳು.

ಒಂದು ಸಲ ನನ್ನ ಬದಲಿಗೂ ಒಬ್ಬನನ್ನು ತಂದ. ಗುಂಡಿ ಒತ್ತಿದರೆ ತಾನೇ ಶ್ರುತಿ ಹಿಡಿಯುವ ಸಣ್ಣ ಪೆಟ್ಟಿಗೆ. "ತಂಬೂರಿ ಮೀಟುವಾಗ ಉಗುರು ತಾಗಿದ ಸಪ್ಪಳ ಬರ್ತೈತಿ" ಎಂದ. ನನ್ನನ್ನು ಗೋಡೆಯ ಮೂಲೆಗೆ ನಿಲ್ಲಿಸಿದರು. ಕಮಲಾಕ್ಷಿ ಆ ಪೆಟ್ಟಿಗೆಯ ಜೊತೆ ಕೆಲವು ದಿನ ಹಾಡಲು ನೋಡಿದಳು. ಆಮೇಲೆ ಅದನ್ನು ಆರಿಸಿ, ನನ್ನ ಮೇಲಿನ ಧೂಳು ಕೊಡವಿ ಎತ್ತಿಕೊಂಡಳು. "ಅದಕ್ಕ ಉಸುರಿಲ್ಲ ರೀ" ಎಂದಳು. ಆ ಪೆಟ್ಟಿಗೆಯೂ ಹಿಂದಿನ ಕೋಣೆ ಸೇರಿತು.

ಆ ವರ್ಷ ದಸರೆಗೆ ಕಾಲನಿಯಲ್ಲಿ ದೇವಿಯನ್ನು ಕೂರಿಸಿದ್ದರು. ಪೂಜೆಯ ಮಂಟಪದಲ್ಲಿ ಕಮಲಾಕ್ಷಿ ಹಾಡಿದಳು. ತೇರದಾಳದ ಬಾಳಿಕಾಯಿ ಮಾಸ್ತರರೆಂಬ ಹೈಸ್ಕೂಲು ಮಾಸ್ತರರು ಕೇಳಲು ಬಂದಿದ್ದರು. ತೊಡೆಯ ಮೇಲೆ ಸಣ್ಣ ಟೇಪು ಇಟ್ಟುಕೊಂಡು ಅವಳ ಹಾಡನ್ನು ಹಿಡಿದರು. ಆ ದಿನ ಅವಳು ಕೊನೆಗೆ ಭೈರವಿ ಹಾಡಿದಳು. ಮಂಟಪದಲ್ಲಿದ್ದ ಕೂಸುಗಳೆಲ್ಲ ಅಳು ನಿಲ್ಲಿಸಿದವು ಎಂದರೆ ಸುಳ್ಳಾದೀತು. ಒಂದು ಕೂಸು ಅಳುತ್ತಲೇ ಇತ್ತು. ಆದರೆ ಆ ಕೂಸಿನ ತಾಯಿಗೆ ಅದು ಕೇಳಿಸುತ್ತಿರಲಿಲ್ಲ.

ಮುಂದಿನ ವಾರ ಮಾಸ್ತರರು ಆ ಕ್ಯಾಸೆಟ್ಟನ್ನು ತೆಗೆದುಕೊಂಡು ಮನೆಗೆ ಬಂದರು. ಮುಖದ ತುಂಬ ಹಿಗ್ಗು.

"ಅಕ್ಕಾವರ, ಊರಿಗೆ ಹೋಗಿ ದಿನಾ ಕೇಳೀನ್ರಿ ಇದನ್ನ. ನಿಮಗ ಒಮ್ಮೆ ತೋರಿಸಬೇಕಂತ ತಂದೆ."

ರಾಚಪ್ಪ ಅದನ್ನು ತನ್ನ ದೊಡ್ಡ ಯಂತ್ರಕ್ಕೆ ಹಾಕಿ, ಹೆಡ್‌ಫೋನಿನಲ್ಲಿ ಕೇಳಿದ. ಅವನ ಹುಬ್ಬು ಗಂಟಾಯಿತು. ಫ್ಯಾನಿನ ಸದ್ದು, ಕೂಸಿನ ಅಳು, ಯಾರದೋ ಕೆಮ್ಮು.

"ಮಾಸ್ತರ, ಇದರದು ಇನ್ನೊಂದು ಕಾಪಿ ಐತೇನು?"

"ಇಲ್ಲ ಸರ. ಇದೊಂದ. ನಿಮಗ ಕೇಳಿಸಿ ಆಮ್ಯಾಲ ಮಾಡಿಸೂಣು ಅಂತಿದ್ದೆ."

ರಾಚಪ್ಪ ಒಂದು ಗುಂಡಿ ಒತ್ತಿದ. ಯಂತ್ರ ಪರೀಕ್ಷಿಸಲು ಅವನು ಬಳಸುತ್ತಿದ್ದ ಒಂದೇ ಸಮನೆಯ ಸೀಟಿಯಂಥ ಸದ್ದು ಕ್ಯಾಸೆಟ್ಟಿಗೆ ಇಳಿಯತೊಡಗಿತು. ಮೊದಲು ಮಾಸ್ತರರಿಗೆ ತಿಳಿಯಲಿಲ್ಲ. ತಿಳಿದಾಗ ಅರ್ಧ ಎದ್ದು ನಿಂತರು.

"ಸರ, ಅಳಸಾಕತ್ತೈತಲ್ಲರಿ ಅದು."

"ಅಳಸಾಕ ಹಚ್ಚೀನಿ. ಇಂಥಾದ್ದು ಊರಾಗ ತಿರಗಬಾರದು ಮಾಸ್ತರ. ನಾಳೆ ಜನ ಇದನ್ನ ಕೇಳಿ ಆಕಿ ದನಿ ಹಿಂಗ ಇತ್ತು ಅಂತಾರ. ನಾ ಸ್ವಚ್ಛ ಹಿಡದು ನಿಮಗ ಕೊಡ್ತೀನಿ."

ಬದಲಿಗೆ ಸೀಲು ಒಡೆಯದ ಹೊಸ ಕ್ಯಾಸೆಟ್ಟುಗಳನ್ನು ಅವರ ಕೈಯಲ್ಲಿಟ್ಟ. ಮಾಸ್ತರರು ಅವನ್ನು ಮೇಜಿನ ಮೇಲಿಟ್ಟು, ಚಹಾ ಕುಡಿಯದೆ ಹೋದರು. ಕಮಲಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಸೀಟಿಯ ಸದ್ದು ಇನ್ನೂ ನಡೆದಿತ್ತು.

"ಅದರಾಗ ನನ್ನ ಭೈರವಿ ಇತ್ತರಿ. ಆವತ್ತ ಚಲೋ ಬಂದಿತ್ತು" ಎಂದಳು.

ಅಂದಿನಿಂದ ಅವಳು ಹಾಡುವುದನ್ನು ನಿಲ್ಲಿಸಿದಳು. ಬೆಳಗಾಗುತ್ತಿತ್ತು, ಒಲೆ ಹೊತ್ತುತ್ತಿತ್ತು, ಅವನು ಬಾಗಿಲಿಗೆ ಒರಗಿ ಕೂರುತ್ತಿದ್ದ, ಅವಳು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ದೀಪಾವಳಿ ಬರುವ ಹೊತ್ತಿಗೆ ರಾಚಪ್ಪ ಸೋತ. "ಏನ ಮಾಡಂತಿ, ಹೇಳು" ಎಂದ.

ಅವಳು ನನ್ನನ್ನು ತಂದು ಅವನ ಮುಂದೆ ಮಲಗಿಸಿದಳು. "ಇದರ ಮ್ಯಾಲ ಕೈ ಇಡ್ರಿ. ಯುಗಾದಿ ಪಾಡ್ಯೆ ತನಕ ಒಂದು ವಾಯರು ಸೈತ ಮನಿಯೊಳಗ ತರಬ್ಯಾಡ್ರಿ. ಪಾಡ್ಯೆ ದಿನ ಮುಂಜಾನೆ ನಾ ಹಾಡ್ತೀನಿ. ಇದ್ದದ್ದರಾಗ ಹಿಡೀರಿ."

ಅವನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟ. ಬೆವೆತ ಕೈ. "ಪಾಡ್ಯೆ ತನಕ ಏನೂ ತರೂದಿಲ್ಲ" ಎಂದ.

ಅವನು ಆ ಮಾತು ಉಳಿಸಿಕೊಳ್ಳಲು ಪಟ್ಟ ಪಾಡನ್ನು ನಾನು ಕಂಡಿದ್ದೇನೆ. ಕುಡಿತ ಬಿಟ್ಟವರ ಹಾಗೆ ಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಮೈಕುಗಳ ಚಿತ್ರವಿದ್ದ ಪುಸ್ತಕಗಳನ್ನು ತಾನೇ ಒಲೆಗೆ ಹಾಕಿದ. ಹಾಕುವ ಮೊದಲು ಒಂದೊಂದನ್ನೂ ಇನ್ನೊಮ್ಮೆ ಓದಿದ. ಕಾರ್ಖಾನೆಯ ಕೆಲಸದ ಮೇಲೆ ಒಂದು ದಿನ ಬೆಳಗಾವಿಗೆ ಹೋಗಬೇಕಾಗಿ ಬಂತು. ಸಂಜೆ ಅವನು ಮರಳಿ ಬಂದಾಗ ಮೊದಲು ಅವನ ಕೈಚೀಲವನ್ನು ನೋಡಿದಳು.

"ಕುಂದಾ ಐತಿ" ಎಂದ ಅವನು. "ಪಿಂಟೊನ ಅಂಗಡಿ ಮುಂದ ಹಾದೆ. ಒಳಗಿಂದ ಕರದ. ಸರ್, ಹೊಸ ಮಾಲು ಬಂದೈತಿ, ತಗೋಬ್ಯಾಡ್ರಿ, ಬರೇ ಕೇಳಿ ಹೋಗ್ರಿ ಅಂದ. ನನ್ನ ಕಾಲು ಆ ಮೆಟ್ಟಲ ತನಕ ಹೋದ್ವು, ಕಮಲಾ. ಮಿಠಾಯಿ ಅಂಗಡಿಗೆ ಹೋಗಿ, ಇದ್ದ ರೊಕ್ಕಕ್ಕೆಲ್ಲ ಕುಂದಾ ಕಟ್ಟಿಸಿಬಿಟ್ಟೆ. ವಾಪಸ್ ಅಲ್ಲಿ ಹೋದ್ರೂ ಕೈ ಖಾಲಿ ಇರಲಿ ಅಂತ."

ಅವಳು ನಕ್ಕಳು. ಕುಂದಾ ಅಷ್ಟು ಹೆಚ್ಚಾಗಿತ್ತು, ಕಾಲನಿಯ ಮನೆ ಮನೆಗೆ ಹಂಚಿದರು. ಆ ಚಳಿಗಾಲ ನಮ್ಮ ಮನೆಯ ಒಳ್ಳೆಯ ಕಾಲ. ಕೊಳ್ಳುವ ಯೋಚನೆಯಲ್ಲಿ ಕಳೆದುಹೋಗುತ್ತಿದ್ದ ಹೊತ್ತೆಲ್ಲ ಅವನಿಗೆ ಉಳಿಯಿತು. ಇದ್ದ ಮೈಕನ್ನು ಎಲ್ಲಿಟ್ಟರೆ ಚೆನ್ನಾಗಿ ಕೇಳುತ್ತದೆ ಎಂದು ತಿಂಗಳುಗಟ್ಟಲೆ ಇಟ್ಟು ನೋಡಿದ. ಗೋಡೆಗೆ ಕೌದಿ ತೂಗುಹಾಕಿದ. ನನ್ನ ಒಂದು ತಂತಿಯ ಕೆಳಗಿನ ಹತ್ತಿಯ ಎಳೆ ಹಳತಾಗಿದ್ದನ್ನು ದೂರದಿಂದ ಕೇಳಿಯೇ ಗುರುತಿಸಿ ಹೇಳಿದ. ಅವನು ಆ ಯಂತ್ರಗಳನ್ನು ನಿಜವಾಗಿ ಬಳಸಲು ಕಲಿತದ್ದು ಆಗ. ಅವಳು ಮತ್ತೆ ಬೆಳಿಗ್ಗೆ ಹಾಡತೊಡಗಿದಳು.

ಯುಗಾದಿ ಪಾಡ್ಯ ಬಂತು. ಇಬ್ಬರೂ ಎಣ್ಣೆ ಹಚ್ಚಿಕೊಂಡು ಮಿಂದರು, ಬೇವು ಬೆಲ್ಲ ತಿಂದರು. ಅವಳು ಹೊಸ ಇಳಕಲ್ ಸೀರೆ ಉಟ್ಟು ನನ್ನನ್ನು ಎತ್ತಿಕೊಂಡಳು. ಅವನು ಹೆಡ್‌ಫೋನು ಹಾಕಿಕೊಂಡು ತಲೆಯಾಡಿಸಿದ. ಅವಳು ತೋಡಿ ಶುರು ಮಾಡಿದಳು.

ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ತುಂಗಾಬಾಯಿ ಬದುಕಿದ್ದರೆ ಎಲೆಯಡಿಕೆ ಉಗುಳಿ ಬಂದು ಸುಮ್ಮನೆ ಕೂರುತ್ತಿದ್ದಳು. ಕಮಲಾಕ್ಷಿ ಇನ್ನೂ ಕೆಳಗಿನ ಸ್ವರಗಳಲ್ಲಿಯೇ ಇದ್ದಳು, ಮೇಲಿನ ಷಡ್ಜದ ಕಡೆಗೆ ನೋಡಿಯೂ ಇರಲಿಲ್ಲ. ಆಗ ರಾಚಪ್ಪ ಕೈ ಎತ್ತಿದ.

"ತಡಿ. ಸುಯ್ ಅನ್ನಾಕತ್ತೈತಿ."

ಅವಳು ಕಣ್ಣು ತೆರೆಯಲಿಲ್ಲ. "ಅನ್ನಲಿ ರೀ. ಹಾಡಾಕತ್ತೀನಿ."

"ಇಷ್ಟ ಚಂದ ಹಾಡಾಕತ್ತಿ. ಇದನ್ನ ಈ ಹಾಳ ಸದ್ದಿನ ಸಂಗಡ ಹಿಡದ್ರ ನನಗ ಪಾಪ ಹತ್ತತೈತಿ. ಮಿಕ್ಸರಿಂದು ತಪ್ಪು. ಅದೊಂದು ಬದಲಿ ಮಾಡಿದ್ರ ಮುಗೀತು."

"ಮಾತ ಕೊಟ್ಟಿದ್ರಿ."

"ಪಾಡ್ಯೆ ತನಕ ಅಂದಿದ್ದೆ. ಪಾಡ್ಯೆ ಬಂತಲ್ಲ."

ಅವನು ಅದನ್ನು ಕುಯುಕ್ತಿಯಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಅವನ ಮುಖದಲ್ಲಿ ಪ್ರೀತಿ ಇತ್ತು. ಟೇಪನ್ನು ಹಿಂದಕ್ಕೆ ಸುತ್ತಿ, ಹೊಸದಾಗಿ ಹಿಡಿಯಲು ತಯಾರಾಗಿರಲೆಂದು ಇಟ್ಟ. ಮರುದಿನ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದ. ಕೌದಿಗಳನ್ನು ಗೋಡೆಯಿಂದ ಇಳಿಸಿ ಅವಳು ಮಡಿಸಿ ಇಟ್ಟಳು.

ಆಮೇಲಿನ ವರ್ಷಗಳಲ್ಲಿ ಅವನನ್ನು ತಡೆಯುವವರೇ ಇಲ್ಲವಾದರು. ಟೇಪುಗಳ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂತು. ಇದ್ದದ್ದೆಲ್ಲ ಹಳತಾಯಿತು. ಹಳತನ್ನು ಪಿಂಟೊಗೆ ಕೊಟ್ಟು ಹೊಸತನ್ನು ತರುವುದು ನಡೆಯಿತು. ಕಮಲಾಕ್ಷಿ ಜಗಳವಾಡುವುದನ್ನು ಬಿಟ್ಟಳು. ಕರೆದಾಗ ಬಂದು ಮೈಕಿನ ಮುಂದೆ ಕೂರುತ್ತಿದ್ದಳು, ಸಾಕೆಂದಾಗ ಎದ್ದು ಹೋಗುತ್ತಿದ್ದಳು. ಹೊರಗೆ ಹಾಡಲು ಯಾರಾದರೂ ಕರೆದರೆ ಅವನು ಒಪ್ಪುತ್ತಿದ್ದ, ಒಂದು ಷರತ್ತಿನ ಮೇಲೆ: ಯಾರೂ ಟೇಪು ತರಕೂಡದು. ಅವಳ ಬೆಳಗಿನ ಹಾಡು ಮಾತ್ರ ನಿಲ್ಲಲಿಲ್ಲ. ವಯಸ್ಸಿನೊಂದಿಗೆ ಅದು ಇನ್ನೂ ಮಾಗಿತು. ಅದನ್ನು ಕೇಳಿದವರು ನಾನು, ಅವನು, ಹಾಲು ಹಾಕುವವಳು.

ಒಂದು ದಿನ ತಾಳಿಯ ಸರ ಕೊರಳಿಗೆ ಬಿಗಿಯಾಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಗಂಟಲಿನ ಕೆಳಗೆ ಒಂದು ಗಂಟು. ವಿಜಾಪುರದ ಡಾಕ್ಟರು ಥೈರಾಯ್ಡಿನ ಗಂಟು ಎಂದರು, ತೆಗೆಯಲೇಬೇಕು ಎಂದರು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಜೋಪಾನವಾಗಿ ಮಾಡುತ್ತೇವೆ, ಆದರೆ ಮೊದಲೇ ಹೇಳಿರುತ್ತೇವೆ ಎಂದರು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವಳು ಅವನ ಕೋಣೆಗೆ ತಾನಾಗಿ ಬಂದಳು. ಎಷ್ಟೋ ವರ್ಷಗಳ ಮೇಲೆ, ಕರೆಯದೆ ಬಂದದ್ದು.

"ಇವತ್ತ ಹಾಡ್ತೀನಿ. ಹಿಡೀರಿ."

ಆ ಹೊತ್ತಿಗೆ ಮನೆಯಲ್ಲಿ ಒಂದೂ ಮೈಕು ಇರಲಿಲ್ಲ. ಇದ್ದವನ್ನೆಲ್ಲ ಪಿಂಟೊಗೆ ಕೊಟ್ಟು, ಒಂದೇ ಒಂದು ಒಳ್ಳೆಯದನ್ನು ಮುಂಬಯಿಯಿಂದ ತರಿಸಲು ಹೇಳಿದ್ದ. ಅದು ಲಾರಿಯಲ್ಲಿ ಬರುತ್ತಿತ್ತು.

"ಈ ವಾರದಾಗ ಬರ್ತೈತಿ, ಕಮಲಾ. ಅದು ಬಂದ್ರ ಮತ್ತೇನೂ ಬೇಕಾಗಿಲ್ಲ. ಮುಗೀತು. ನೀ ಆಪರೇಷನ್ ಮುಗಿಸಿ ಬಾ, ಮರುದಿನಾನ ಕುಂಡ್ರೂಣು."

"ಬಾಳಿಕಾಯಿ ಮಾಸ್ತರ ಕಡೆ ಒಂದು ಟೇಪು ಐತಲ್ಲ. ತೇರದಾಳೇನು ದೂರಿಲ್ಲ. ತರ್ರಿ."

"ಆ ಡಬ್ಬಿಯಾಗ?"

ಬಾಯಿಂದ ಬಿದ್ದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಆದರೆ ಅವನು ಎದ್ದು ತೇರದಾಳಕ್ಕೆ ಹೋಗಲಿಲ್ಲ. ಮಾಸ್ತರರ ಮುಂದೆ ಹೋಗಿ ನಿಲ್ಲಲು ಅವನಿಗೆ ಮುಖವಿರಲಿಲ್ಲವೋ, ಆ ಯಂತ್ರವನ್ನು ಮುಟ್ಟಲು ಮನಸ್ಸಿರಲಿಲ್ಲವೋ, ನನಗೆ ತಿಳಿಯದು. ಅವಳು ಸ್ವಲ್ಪ ಹೊತ್ತು ಕಾದು, ನನ್ನನ್ನು ಮಡಿಲಿಗೆ ತೆಗೆದುಕೊಂಡು, ಅಲ್ಲೇ ವಾಯರುಗಳ ನಡುವೆ ಕೂತು ಹಾಡಿದಳು. ಯುಗಾದಿಯಂದು ಅರ್ಧಕ್ಕೆ ನಿಂತ ತೋಡಿಯನ್ನೇ ಹಾಡಿದಳು. ಅದು ಮುಂಜಾನೆಯ ರಾಗ, ಆಗ ಸಂಜೆಯಾಗಿತ್ತು. ಈ ಸಲ ಮೇಲಿನ ಷಡ್ಜಕ್ಕೆ ಹೋದಳು, ಅಲ್ಲಿ ನಿಂತಳು, ಇಳಿದಳು. ರಾಚಪ್ಪ ಬಾಗಿಲಿಗೆ ಒರಗಿ ಕೇಳಿದ. ಕೇಳಿದ್ದು ನಾವಿಬ್ಬರೇ.

ಆಸ್ಪತ್ರೆಯಿಂದ ಬಂದಾಗ ಅವಳ ಕೊರಳಿಗೆ ಪಟ್ಟಿ ಇತ್ತು. ಪಟ್ಟಿ ಬಿಚ್ಚಿದ ಮೇಲೂ ದನಿ ಬರಲಿಲ್ಲ. ಗಂಟು ನರಕ್ಕೇ ಅಂಟಿಕೊಂಡಿತ್ತಂತೆ. ಜೀವ ಉಳಿಸಬೇಕೆಂದರೆ ಬೇರೆ ದಾರಿಯಿರಲಿಲ್ಲವಂತೆ. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಗಾಳಿಯಲ್ಲಿ ಸವೆದ ಮಾತು ಬರುತ್ತಿತ್ತು. ಮನೆಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ಮೀಟಿದಳು. ನಾನು ಷಡ್ಜ ಕೊಟ್ಟೆ. ಅವಳು ಬಾಯಿ ತೆರೆದಳು. ನಾನು ಇನ್ನೊಮ್ಮೆ ಕೊಟ್ಟೆ, ಮತ್ತೊಮ್ಮೆ ಕೊಟ್ಟೆ. ನನಗೆ ಬರುವುದು ಅದೊಂದೇ. ಅವಳು ತಂತಿಗಳ ಮೇಲೆ ಅಂಗೈ ಇಟ್ಟು ನನ್ನನ್ನು ಸುಮ್ಮನಾಗಿಸಿದಳು.

ಅದೇ ವಾರ ಮುಂಬಯಿಯ ಮೈಕು ಬಂತು. ಮರದ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು. ರಾಚಪ್ಪ ಅದನ್ನು ಬಿಚ್ಚಿ ನೋಡಿ ಮುಚ್ಚಿದ.

ಆಮೇಲೆ ಅವನು ಹುಡುಕತೊಡಗಿದ. ಇದ್ದ ಟೇಪುಗಳನ್ನೆಲ್ಲ ಕೇಳಿದ, ಕಂಪ್ಯೂಟರಿನ ಮೂಲೆಮೂಲೆ ತಡಕಾಡಿದ. ಇಷ್ಟು ವರ್ಷಗಳಲ್ಲಿ ಎಲ್ಲಿಯಾದರೂ ಒಂದು ಹಾಡು, ಅರ್ಧ ಹಾಡು ಉಳಿದಿರಲೇಬೇಕು. ಅವನು ಅಚ್ಚುಕಟ್ಟಿನ ಮನುಷ್ಯ. ಮನಸ್ಸಿಗೆ ಬಾರದ್ದನ್ನೆಲ್ಲ ಆಗಾಗಲೇ ಅಳಿಸಿದ್ದ. ಮಾಸ್ತರರು ಅವಳನ್ನು ನೋಡಲು ಹಣ್ಣು ತೆಗೆದುಕೊಂಡು ಬಂದಾಗ ಅವರ ಕೈ ಹಿಡಿದು ಕೇಳಿದ:

"ಮಾಸ್ತರ, ನಿಮ್ಮ ಕಡೆ ಆಕೀದು ಏನರ ಉಳದೈತೇನು? ಹ್ಯಾಂಗ ಇದ್ರೂ ನಡೀತೈತಿ."

ಮಾಸ್ತರರು ಒಳ್ಳೆಯವರು. ಆದರೆ ಒಳ್ಳೆಯವರಿಗೂ ನೆನಪಿರುತ್ತದೆ. "ಒಂದು ಇತ್ತರಿ ಸರ. ನೀವ ಅಳಿಸಿದ್ರಿ" ಎಂದರು. ಹಣ್ಣನ್ನು ಅವಳ ಕೈಗೆ ಕೊಟ್ಟು ಹೊರಟರು.

ಕೊನೆಗೆ ಒಂದು ಮಧ್ಯಾಹ್ನ ಅವನಿಗೆ ಸಿಕ್ಕಿತು. ಸ್ಪೀಕರಿನಿಂದ ಅವಳ ದನಿ ಕೋಣೆ ತುಂಬ ಬಂತು, ಎದುರಿಗೇ ಕೂತಂತೆ, ತುಟಿ ಬಿಚ್ಚಿದ ಸದ್ದು ಸಹಿತ: "ಒಂದು, ಎರಡು, ಮೂರು. ಕೇಳಸ್ತೈತೇನ್ರಿ? ಲಗೂ ಹೇಳ್ರಿ, ಒಲಿ ಮ್ಯಾಲ ಹಾಲ ಐತಿ."

ಯಾವುದೋ ಮೈಕಿನ ಪರೀಕ್ಷೆ. ಮೈಕು ಚೆನ್ನಾಗಿದೆಯೆಂದು ತೋರಿಸಲು ಅವನು ಅಳಿಸದೆ ಉಳಿಸಿಕೊಂಡದ್ದು.

ಅಡಿಗೆಮನೆಯಿಂದ ಅವಳು ಬಂದು ನಿಂತಳು. ಅವನು ಗಾಬರಿಯಿಂದ ಆರಿಸಲು ಹೋದ. ಅವಳು ಬೇಡವೆಂದು ಕೈ ಮಾಡಿ, ಇನ್ನೊಮ್ಮೆ ಹಚ್ಚಲು ಸನ್ನೆ ಮಾಡಿದಳು. ಅವನು ಹಚ್ಚಿದ. ಒಂದು, ಎರಡು, ಮೂರು. ಅವಳು ತಲೆ ಓರೆ ಮಾಡಿ ಕೊನೆಯ ತನಕ ಕೇಳಿದಳು. ಆಮೇಲೆ ಉಸಿರಿನಲ್ಲಿ ಹೇಳಿದಳು:

"ಸ್ವಚ್ಛ ಬಂದೈತಿ. ಸುಯ್ ಅನ್ನೂದಿಲ್ಲ."

ರಾಚಪ್ಪ ನೆಲದ ಮೇಲೆ ಕೂತುಬಿಟ್ಟ. ಅವಳು ಹಾಲು ಇಳಿಸಲು ಒಳಗೆ ಹೋದಳು.

ಅಂದಿನಿಂದ ಅವನು ಏನನ್ನೂ ಕೊಳ್ಳಲಿಲ್ಲ. ಪಿಂಟೊನ ಟೆಂಪೊ ಬಂದು ಎಲ್ಲವನ್ನೂ ತುಂಬಿಕೊಂಡು ಹೋಯಿತು. ನೀಲಿ ಮಖಮಲ್ಲಿನ ಪೆಟ್ಟಿಗೆಯೂ ಹೋಯಿತು. ಆ ಕೋಣೆಯ ಗೋಡೆಗಳಲ್ಲಿ ಮೊಳೆಯ ತೂತುಗಳು ಉಳಿದವು. ನಿವೃತ್ತಿಯಾದ ಮೇಲೆ ಅವರು ಮುಧೋಳದಲ್ಲಿ ಸಣ್ಣ ಮನೆ ಮಾಡಿದರು. ಹಾಡುವ ಹುಡುಗ ಹುಡುಗಿಯರು ಅವನ ಹಳೆಯ ಹೆಸರು ಕೇಳಿ ಸಲಹೆಗೆ ಬರುತ್ತಾರೆ: ಯಾವ ಮೈಕು ತೆಗೆದುಕೊಳ್ಳಲಿ ಸರ್, ಯಾವ ಯಂತ್ರ ಒಳ್ಳೆಯದು ಸರ್. ಅವನದು ಒಂದೇ ಉತ್ತರ. "ಏನೂ ತಗೋಬ್ಯಾಡ. ಕೈಯಾಗಿನ ಫೋನಿನಾಗ ಹಿಡಿ. ಇವತ್ತ ಹಿಡಿ." ಅವರು ಬೆರಗಾಗಿ ಹೋಗುತ್ತಾರೆ. ಊರಲ್ಲಿ ಅವನಿಗೆ ಆಸೆ ಗೆದ್ದವನೆಂಬ ಹೆಸರು ಬಂದಿದೆ.

ಹಾಗೆ ಬಂದವರಲ್ಲಿ ಒಬ್ಬ ಹುಡುಗಿ ಹೋಗುವಾಗ ಕಮಲಾಕ್ಷಿಯ ಕಾಲು ಮುಟ್ಟಿ ಹೇಳಿದಳು: "ಸರ್ ಭಾಳ ದೊಡ್ಡವರ್ರಿ ಅಮ್ಮಾರ. ಇಷ್ಟ ದೊಡ್ಡ ಚಟಾ ಒಮ್ಮ್ಯಾಕಲೆ ಬಿಟ್ಟಾರಂತ."

ಕಮಲಾಕ್ಷಿ ಅವಳ ತಲೆ ಸವರಿದಳು. "ಹೌದವಾ" ಎಂದಳು ಆ ಗಾಳಿಯ ದನಿಯಲ್ಲಿ. "ನನ್ನ ಗಂಟಲಾ ಕೊಟ್ಟು ಬಿಟ್ಟಾರ."

ಹುಡುಗಿಗೆ ಸರಿಯಾಗಿ ಕೇಳಿಸಲಿಲ್ಲ. ನಕ್ಕು ಹೋದಳು. ಒಳಗಿದ್ದ ರಾಚಪ್ಪನಿಗೆ ಕೇಳಿಸಿತು. ಅವನ ಕಿವಿ ಇನ್ನೂ ಚೆನ್ನಾಗಿದೆ.

ನನಗೂ ವಯಸ್ಸಾಯಿತು. ಹೊಟ್ಟೆಯ ಒಂದು ಮಗ್ಗುಲು ಬಿರುಕು ಬಿಟ್ಟಿದೆ, ಅರಗು ತುಂಬಿದ್ದಾರೆ. ನನಗಿರುವುದು ನಾಲ್ಕು ತಂತಿ, ಐದನೆಯದು ಬೇಕೆಂದು ಎಂದೂ ಅನ್ನಿಸಿಲ್ಲ. ಆದರೆ ಇದನ್ನು ನನ್ನ ದೊಡ್ಡಸ್ತಿಕೆ ಎನ್ನಬೇಡಿ. ಅಂಗಡಿಗೆ ಹೋಗಲು ಕಾಲಿಲ್ಲದವನ ವೈರಾಗ್ಯಕ್ಕೆ ಬೆಲೆಯಿಲ್ಲ. ರಾಚಪ್ಪನಿಗೆ ಕಾಲಿದ್ದವು, ಒಂದು ಚಳಿಗಾಲ ಅವನು ಅವನ್ನು ತಡೆದು ನಿಲ್ಲಿಸಿಯೂ ಇದ್ದ. ಅದೇ ಅವನ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಸಹಿಸಲು ಕಷ್ಟವಾದದ್ದು. ಅವನಿಂದ ಆಗುತ್ತಿರಲಿಲ್ಲ ಎಂದಲ್ಲ. ಆಗಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಕಮಲಾಕ್ಷಿ ನನ್ನನ್ನು ಎತ್ತಿಕೊಳ್ಳುತ್ತಾಳೆ. ರಾಚಪ್ಪ ಎದುರಿಗೆ ಬಂದು ಕೂರುತ್ತಾನೆ. ಇದನ್ನು ಶುರು ಮಾಡಿದವಳು ಅವಳು. ಅವಳು ಮೀಟುತ್ತಾಳೆ, "ಹಾಡ್ರಿ" ಎನ್ನುತ್ತಾಳೆ. ಇಷ್ಟು ವರ್ಷ ನನ್ನ ಮುಂದೆ ಅವನು ಎಂದೂ ಹಾಡಲು ಬಾಯಿ ತೆರೆದಿರಲಿಲ್ಲ. ಯಾಕೆಂದು ಮೊದಲ ಸಂಜೆಯೇ ಗೊತ್ತಾಯಿತು. ಅವನಿಗೆ ಷಡ್ಜ ಹತ್ತುವುದಿಲ್ಲ. ಒಡೆದ ದನಿ, ಒಂದು ಕೂದಲೆಳೆ ಕೆಳಗೆ, ಯಾವಾಗಲೂ. ಬೇರೆಯವರಾಗಿದ್ದರೆ ತಮಗೆ ಅದು ತಿಳಿಯದೆ ಸುಖವಾಗಿ ಹಾಡುತ್ತಿದ್ದರು. ಅವನಿಗೆ ತಿಳಿಯುತ್ತದೆ. ಪ್ರತಿ ಸಲ ಅವನ ಮುಖ ಹಿಂಡಿಕೊಳ್ಳುತ್ತದೆ, ನಿಲ್ಲಿಸಿ ಅವಳನ್ನು ನೋಡುತ್ತಾನೆ.

ಅವಳು ತಿದ್ದುವುದಿಲ್ಲ, ಬೈಯುವುದಿಲ್ಲ. ಮೀಟುವುದನ್ನು ನಿಲ್ಲಿಸುವುದೂ ಇಲ್ಲ. "ಇನ್ನೊಮ್ಮೆ" ಎನ್ನುತ್ತಾಳೆ. ಅವನು ಉಸಿರು ಎಳೆದುಕೊಂಡು ಮತ್ತೆ ಹಾಡುತ್ತಾನೆ.